ತಾರಸಿಯ ಮೇಲೆ ಒಬ್ಬ ಹೆಚ್ಚು

ಆ ವರ್ಷ ನನಗಿದ್ದದ್ದು ಒಂದೇ ಹೆದರಿಕೆ: ನನ್ನ ಪುಸ್ತಕ ಓದಿ ಯಾರೂ ಹೆದರುವುದಿಲ್ಲವೇನೋ ಎಂಬುದು. ದೆವ್ವದ ಕಾದಂಬರಿ ಬರೆಯುವವಳಿಗೆ ಇದಕ್ಕಿಂತ ದೊಡ್ಡ ದೆವ್ವ ಇನ್ನೊಂದಿಲ್ಲ. ಅದರ ಹಿಂದಿನ ಪುಸ್ತಕದಲ್ಲಿ ಹಾಳು ಬಾವಿ, ಬಿಳಿ ಸೀರೆ, ಹುಣಸೆ ಮರ ಎಲ್ಲವನ್ನೂ ಧಾರಾಳವಾಗಿ ಹಾಕಿದ್ದೆ. ನವೆಂಬರಿನಲ್ಲಿ ದೆಹಲಿಯ ಕನ್ನಡಿಗರೆಲ್ಲ ಸೇರುವ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ಮೇಜು ಹಾಕಿಕೊಂಡು ನಾನೇ ಕೂತು ಮಾರಿದ್ದೆ. ಕೊಂಡವರೊಬ್ಬರು ಮುಂದೊಮ್ಮೆ ಸಿಕ್ಕಾಗ, "ತುಂಬಾ ಚೆನ್ನಾಗಿದೆ ಮೇಡಂ. ಮಲಗೋವಾಗ ಮಕ್ಕಳಿಗೆ ಓದಿ ಹೇಳ್ತೀನಿ, ಬೇಗ ನಿದ್ದೆ ಹೋಗ್ತಾರೆ" ಎಂದರು. ಅವರು ಮನಸಾರೆ ಹೊಗಳಿದ್ದರು. ನಾನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತುಬಿಟ್ಟೆ.

ನನ್ನ ಪುಸ್ತಕಗಳಿಗೆ ಪ್ರಕಾಶಕಿ ನಾನೇ, ಹಮಾಲಿಯೂ ನಾನೇ. ಬೆಂಗಳೂರಿನ ಪ್ರಕಾಶಕರಿಗೆ ಬರೆದು ಸಾಕಾಗಿತ್ತು. ಹಗಲು ನೋಯ್ಡಾದ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಇಂಗ್ಲಿಷ್ ಕೈಪಿಡಿಗಳನ್ನು ತಿದ್ದುವ ಕೆಲಸ. ವಾಸ ಯಮುನೆಯ ಆಚೆ ದಡದಲ್ಲಿ, ಲಕ್ಷ್ಮೀನಗರದ ಹತ್ತಿರದ ಒಂದು ಕಾಲೊನಿಯಲ್ಲಿ, ಬರ್ಸಾತಿಯಲ್ಲಿ. ಬರ್ಸಾತಿ ಎಂದರೆ ತಾರಸಿಯ ಮೇಲೆ ಕಟ್ಟಿದ ಒಂಟಿ ಕೋಣೆ. ಬಾಗಿಲು ತೆಗೆದರೆ ಇಡೀ ತಾರಸಿ ನನ್ನದೇ ಅಂಗಳ ಎಂದು ಮನೆ ತೋರಿಸುವಾಗ ಹೇಳಿದ್ದರು. ಕೆಳಗಿನ ಮನೆಯ ಒಡತಿ ಆಂಟಿ ಬೆಳಗಾಗುವ ಹೊತ್ತಿಗೆ ಅಲ್ಲಿ ಉಪ್ಪಿನಕಾಯಿ ಭರಣಿ, ಬಟ್ಟೆ, ಮೊಮ್ಮಕ್ಕಳು ಎಲ್ಲವನ್ನೂ ಹರಡುತ್ತಾರೆ ಎಂಬುದನ್ನು ಯಾರೂ ಹೇಳಿರಲಿಲ್ಲ.

ಈ ಆಂಟಿ ಅರವತ್ತು ದಾಟಿದ, ಗಟ್ಟಿ ದನಿಯ ಪಂಜಾಬಿ ಹೆಂಗಸು. ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಯಾರನ್ನೂ ನಂಬದವರು. ಒಗೆದ ಬಟ್ಟೆಯನ್ನು ಎಣಿಸಿ ಒಣಹಾಕಿ, ಎಣಿಸಿ ಮಡಚುವವರು. ಜನವರಿಯ ಭಾನುವಾರಗಳಲ್ಲಿ ಚಾಪೆ ಹಾಸಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಹಸಿ ಬಟಾಣಿ ಸುಲಿಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಸುಲಿಯುತ್ತಿದ್ದೆ. ಒಮ್ಮೆ, "ಅದೇನು ಬೆಳಗಾಗೋಕೆ ಮುಂಚೆ ಎದ್ದು ಲೈಟ್ ಹಾಕ್ಕೊಂಡು ಬರೀತೀಯ ಬೇಟಾ?" ಎಂದು ಕೇಳಿದರು. ಭೂತದ ಕಥೆ ಎಂದೆ. "ಅಚ್ಛಾ? ಹೇಳು ನೋಡೋಣ" ಎಂದರು. ಹಳೆಯ ಬಾವಿಯ ಕಥೆಯನ್ನೇ ಹೇಳಿದೆ. ಬಟಾಣಿ ಟಪಟಪನೆ ಪಾತ್ರೆಗೆ ಬೀಳುತ್ತಲೇ ಇತ್ತು. ಕೊನೆಯಲ್ಲಿ ಸೀರೆಯುಟ್ಟವಳು ಬಾವಿಯಿಂದ ಮೇಲೆ ಬಂದಾಗ ಆಂಟಿ, "ಒದ್ದೆ ಬಟ್ಟೆಯಲ್ಲಿ ನಿಮೋನಿಯಾ ಬರುತ್ತೆ" ಎಂದು ಸಿಪ್ಪೆಯನ್ನು ಗುಡ್ಡೆ ಮಾಡಿದರು.

ಆ ದಿನದಿಂದ ನನಗೊಂದು ಕ್ರಮ ಸಿಕ್ಕಿತು. ವಾರವಿಡೀ ಬೆಳಗಿನ ಜಾವ, ನೋಯ್ಡಾದ ಚಾರ್ಟರ್ಡ್ ಬಸ್ಸು ಬರುವವರೆಗೆ, ಕಚೇರಿಯಲ್ಲಿ ಒಂದು ಬದಿ ಮುದ್ರಿಸಿ ಎಸೆದ ಹಾಳೆಗಳ ಹಿಂಬದಿಯಲ್ಲಿ ಬರೆಯುವುದು. ಭಾನುವಾರ ಅದನ್ನು ಆಂಟಿಗೆ ಹಿಂದಿಯಲ್ಲಿ ಹೇಳುವುದು. ಎಲ್ಲಿ ಅವರ ಕೈ ನಿಲ್ಲುತ್ತದೋ ಆ ಭಾಗ ಉಳಿಯಬೇಕು, ನಿಲ್ಲದ ಭಾಗ ಹೋಗಬೇಕು. ನನ್ನ ಹಿಂದಿ ಆಗ ತರಕಾರಿ ಕೊಳ್ಳುವಷ್ಟು ಮಾತ್ರ ಇತ್ತು. ಅದರಲ್ಲಿ 'ಕಗ್ಗತ್ತಲು ಕವಿದಿತ್ತು' ಎನ್ನಲು ಬರುತ್ತಿರಲಿಲ್ಲ, 'ಲೈಟ್ ಇರಲಿಲ್ಲ' ಎನ್ನಲು ಬರುತ್ತಿತ್ತು. ಕನ್ನಡದಲ್ಲಿ ನಾನು ಕಟ್ಟಿದ್ದ ಅಲಂಕಾರವೆಲ್ಲ ಉದುರಿ, ನಡೆದದ್ದೇನು ಎಂಬುದಷ್ಟೇ ಉಳಿಯುತ್ತಿತ್ತು. ಬಹಳ ಸಲ ಏನೂ ಉಳಿಯುತ್ತಿರಲಿಲ್ಲ. ಫೆಬ್ರವರಿ ಮುಗಿಯುವಷ್ಟರಲ್ಲಿ ಬರೆದದ್ದರ ಅರ್ಧಕ್ಕಿಂತ ಹೆಚ್ಚನ್ನು ಹರಿದು ಹಾಕಿದ್ದೆ, ಮತ್ತು ಈ ಸಲವೂ ಮಕ್ಕಳನ್ನು ಮಲಗಿಸುವ ಪುಸ್ತಕವೇ ಗತಿ ಎಂದು ನಿದ್ದೆಗೆಟ್ಟಿದ್ದೆ.

ಕಥೆ ಸಿಕ್ಕಿದ್ದು ಆಂಟಿಯ ಒಂದು ಎಚ್ಚರಿಕೆಯಿಂದ. "ಬೇಸಿಗೆಯ ಗರ್ಮಿ ಶುರುವಾದ ಮೇಲೆ ನಾವೆಲ್ಲ ಇಲ್ಲೇ ಮಲಗೋದು. ಸಾಲಾಗಿ ಹಗ್ಗದ ಮಂಚ ಹಾಕ್ತೀವಿ. ನಿನ್ನ ಬಾಗಿಲ ಮುಂದೆ ಜಾಗ ಇರಲ್ಲ, ಮೊದಲೇ ಹೇಳಿದ್ದೀನಿ" ಎಂದಿದ್ದರು. ಸೊಳ್ಳೆಗೆ ಹೆದರಿ ತಲೆವರೆಗೆ ಚಾದರ ಹೊದ್ದು ಸಾಲಾಗಿ ಮಲಗಿದವರನ್ನು ಊಹಿಸಿಕೊಂಡೆ. ಯಾರು ಯಾರೆಂದು ಗೊತ್ತಾಗುವುದಿಲ್ಲ. ಮನೆಯೊಡತಿ ಎಲ್ಲರಿಗಿಂತ ಮೊದಲು ಏಳುತ್ತಾಳೆ, ಸುಮ್ಮನೆ ಎಣಿಸುತ್ತಾಳೆ, ಒಬ್ಬರು ಹೆಚ್ಚಿರುತ್ತಾರೆ. ಮತ್ತೆ ಎಣಿಸುವಷ್ಟರಲ್ಲಿ ಯಾರೋ ಎದ್ದಿರುತ್ತಾರೆ, ಲೆಕ್ಕ ಸರಿಯಾಗಿರುತ್ತದೆ. ಮರುದಿನ ಮತ್ತೆ ಒಬ್ಬರು ಹೆಚ್ಚು. ಆ ಹೆಚ್ಚಿನವರು ಪ್ರತಿದಿನ ಒಂದೊಂದು ಮಂಚ ದಾಟಿ ಅವಳ ಕಡೆ ಬರುತ್ತಿದ್ದಾರೆ.

ಇದನ್ನು ಹೇಳುತ್ತಿದ್ದಾಗ ಆಂಟಿಯ ಕೈ ನಿಂತಿತು. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು, ಕಡ್ಡಿ ಬೆರಳಲ್ಲೇ ಉಳಿಯಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ, ನಾಚಿಕೆಯಾಗುತ್ತದೆ. ಒಬ್ಬ ವಯಸ್ಸಾದ ಹೆಂಗಸನ್ನು ಹೆದರಿಸಿ ಅಷ್ಟು ಕುಣಿದಾಡಿದವಳು ನಾನೊಬ್ಬಳೇ ಇರಬೇಕು.

ಮುಕ್ತಾಯ ಏಪ್ರಿಲಿನಲ್ಲಿ ಒದಗಿತು. ಮನೆಯವರೆಲ್ಲ ದೊಣ್ಣೆ ಹಿಡಿದು ಕಾಯುತ್ತಾರೆ. ಒಡತಿ ಸಾಲಿನಲ್ಲಿ ಇರಬಾರದ ಜಾಗದಲ್ಲಿ ಇರುವವನನ್ನು ತೋರಿಸಿ ಕೂಗುತ್ತಾಳೆ. ಚಾದರ ತೆಗೆಯದೆಯೇ ಎಲ್ಲರೂ ಹೊಡೆಯುತ್ತಾರೆ. ಸದ್ದಡಗಿದ ಮೇಲೆ ತೆಗೆದು ನೋಡಿದರೆ ಅವಳ ಕಿರಿಯ ಮಗ, ಸೆಕೆ ತಾಳದೆ ಜಾಗ ಬದಲಿಸಿ ಮಲಗಿದ್ದವನು. ಅವಳು ತಿರುಗಿ ಎಣಿಸುತ್ತಾಳೆ. ಸಾಲಿನಲ್ಲಿ ಈಗಲೂ ಒಬ್ಬರು ಹೆಚ್ಚು. ಇದನ್ನು ಕೇಳಿ ಆಂಟಿ ಎದ್ದು ಕೆಳಗೆ ಹೋದರು. ನಾನು ಗೆದ್ದೆ ಎಂದುಕೊಂಡೆ.

ದೆಹಲಿಯಲ್ಲಿ ಕನ್ನಡ ಪುಸ್ತಕ ಅಚ್ಚು ಹಾಕಿಸುವುದೆಂದರೆ ಎರಡು ಊರು ಸುತ್ತಿದಂತೆ. ಅಕ್ಷರ ಜೋಡಣೆ ಆರ್.ಕೆ.ಪುರಂನಲ್ಲಿ, ಮುದ್ರಣ ಓಖ್ಲಾದಲ್ಲಿ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೈಸೂರಿನ ಕಡೆಯ ಅಧಿಕಾರಿಯೊಬ್ಬರ ಹೆಂಡತಿ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಿಕೊಡುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮದುವೆ ಪತ್ರಿಕೆ, ಸತ್ಯನಾರಾಯಣ ಪೂಜೆಯ ಕರೆಯೋಲೆ, ನನ್ನ ದೆವ್ವ, ಎಲ್ಲವನ್ನೂ ಅವರು ಒಂದೇ ಮುಖಭಾವದಲ್ಲಿ ಟೈಪ್ ಮಾಡುತ್ತಿದ್ದರು. ಮಗನನ್ನು ಹೊಡೆಯುವ ಪುಟವನ್ನು ಟೈಪ್ ಮಾಡುತ್ತಲೇ ಅಡುಗೆಮನೆಯತ್ತ, "ಕುಕ್ಕರ್ ಎಷ್ಟು ಕೂಗ್ತು ಪುಟ್ಟಿ?" ಎಂದರು. ದೆಹಲಿಯಲ್ಲೇ ಬೆಳೆದ ಮಗಳು, "ಮಮ್ಮಿ, ದೋ ಹೋ ಗಯಾ, ಒಂದು ಬಾಕಿ" ಎಂದಳು. ಹೆದರಿಕೆ ಆಯಿತೇ ಅಕ್ಕ ಎಂದು ಕೇಳಿದರೆ, "ಚೆನ್ನಾಗಿದೆ ಕಣೆ. ಆದರೆ ದೆಹಲಿ ಬೇಸಿಗೆಯಲ್ಲಿ ಯಾವ ದೆವ್ವ ಚಾದರ ಹೊದ್ಕೊಳ್ಳುತ್ತೆ?" ಎಂದು ನಕ್ಕರು. ಅಲ್ಲಿಂದ ಪುಟಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ತೆಗೆದುಕೊಂಡು ಓಖ್ಲಾದ ಪ್ರೆಸ್ಸಿಗೆ ಕೊಟ್ಟು ಬಂದೆ. ಆಮೇಲೆ ಮೇ ತಿಂಗಳು ಬಂತು.

ಆ ಮೇ ತಿಂಗಳನ್ನು ದೆಹಲಿಯವರು ಮರೆತಿರಲಾರರು. ಮೊದಲು ಘಾಜಿಯಾಬಾದಿನ ಕಡೆಯಿಂದ ಸುದ್ದಿ, ಆಮೇಲೆ ನೋಯ್ಡಾ, ಆಮೇಲೆ ನಮ್ಮ ಯಮುನಾಪಾರ್, ಯಮುನೆಯ ಆಚೆ ದಡ. ಕರೆಂಟು ಹೋದಾಗ ತಾರಸಿಯಿಂದ ತಾರಸಿಗೆ ಹಾರುವ, ಕೋತಿಯಂಥ, ಮನುಷ್ಯನಂಥ ಏನೋ ಒಂದು. ಉಗುರಿನಿಂದ ಪರಚುತ್ತದಂತೆ. ಹೆಲ್ಮೆಟ್ ಹಾಕುತ್ತದಂತೆ. ಎದೆಯ ಮೇಲೆ ಗುಂಡಿಗಳಿವೆಯಂತೆ, ಒತ್ತಿದರೆ ಮಾಯವಾಗುತ್ತದಂತೆ. ಪೇಪರಿನವರು ಮಂಕಿ ಮ್ಯಾನ್ ಎಂದರು, ನಮ್ಮ ಓಣಿಯವರು ಕಾಲಾ ಬಂದರ್, ಕರಿ ಕೋತಿ, ಎಂದರು. ಅದನ್ನು ನೋಡಿದವರಿಗಿಂತ, ಅದು ಬಂತೆಂದು ಓಡಿ ತಾರಸಿಯಿಂದ ಬಿದ್ದವರೇ ಆಸ್ಪತ್ರೆ ಸೇರಿದರು. ಕೆಲವರು ಸತ್ತರು.

ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ನಾನು ಚಳಿಗಾಲವೆಲ್ಲ ಕೂತು ಒಬ್ಬ ಹೆಂಗಸಿನ ಕೈ ನಿಲ್ಲಿಸಲು ಒದ್ದಾಡಿದ್ದೆ. ಇಲ್ಲಿ ಯಾರೂ ಬರೆಯದ, ಕಥೆಯೂ ಇಲ್ಲದ, ಹೆಲ್ಮೆಟ್ ಹಾಕಿದ ಒಂದು ಕೋತಿ ಇಡೀ ಊರನ್ನು ಎದ್ದು ಕೂರಿಸಿತ್ತು. ಎರಡನೆಯದಾಗಿ ಆದದ್ದು ಭಯ, ನಿಜವಾದ ಭಯ. ಬರ್ಸಾತಿಯ ಬಾಗಿಲಿನ ಚಿಲಕ ಸಡಿಲವಾಗಿತ್ತು. ಕರೆಂಟು ಹೋದೊಡನೆ ಕುರ್ಚಿ ಎಳೆದು ಬಾಗಿಲಿಗೆ ಒತ್ತಿ ಇಡುತ್ತಿದ್ದೆ. ಆಂಟಿ, "ಒಳಗೆ ಒಬ್ಬಳೇ ಯಾಕೆ ಸಾಯ್ತೀಯ? ಮಂಚ ಹೊರಗೆ ಹಾಕು" ಎಂದು ನನ್ನನ್ನೂ ಸಾಲಿಗೆ ಸೇರಿಸಿಕೊಂಡರು. ಆಂಟಿ, ಅವರ ಗಂಡ, ಮಗ ಸೊಸೆ, ಇಬ್ಬರು ಮಕ್ಕಳು, ತುದಿಯಲ್ಲಿ ನಾನು. ಓಣಿಯ ಗಂಡಸರು ಗುಂಪು ಕಟ್ಟಿಕೊಂಡು ಕಬ್ಬಿಣದ ಸಲಾಕೆ, ಹಾಕಿ ಸ್ಟಿಕ್ ಹಿಡಿದು ಬೆಳಗಿನವರೆಗೆ ಕಾವಲು ತಿರುಗುತ್ತಿದ್ದರು. ಹಿಂದಿನ ಓಣಿಯಲ್ಲಿ ಅವರು ಒಬ್ಬ ಬುದ್ಧಿ ಸ್ಥಿಮಿತವಿಲ್ಲದ ಅಲೆಮಾರಿಯನ್ನು ಹಿಡಿದು ಹಣೆ ಒಡೆದಿದ್ದರು. ಅವನಲ್ಲವೆಂದು ಆಮೇಲೆ ಗೊತ್ತಾಯಿತು. ಯಾರಲ್ಲ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಓಖ್ಲಾದ ಪ್ರೆಸ್ಸಿನ ಮಾಲೀಕರು ಫೋನು ಮಾಡಿದರು. "ಮೇಡಂ ಜೀ, ನಿಮ್ಮ ಪುಸ್ತಕ ತಾರಸಿ ಭೂತದ್ದೇ ಅಲ್ವಾ? ಟೈಟಲ್ ಮೇಲೆ ಒಂದು ಬಂದರ್ ಹಾಕಿ. ಬೇರೆಯವರ ಕೆಲಸ ನಿಲ್ಲಿಸಿ ನಿಮ್ಮದು ಮೊದಲು ಮುಗಿಸಿಕೊಡ್ತೀನಿ." ಅಕ್ಕನಿಗೆ ಹೇಳಿದರೆ ಅವರೂ, "ಗಾಳಿ ಬಂದಾಗ ತೂರಿಕೋ ಅಂತಾರೆ. ಕನ್ನಡ ಸಂಘದವರೆಲ್ಲ ಮಕ್ಕಳಿಗೆ ರಜಾ ಅಂತ ಊರಿಗೆ ಹೊರಟಿದ್ದಾರೆ. ಒಬ್ಬೊಬ್ಬರ ಕೈಲಿ ಒಂದೊಂದು ಕಟ್ಟು ಕಳಿಸು. ಟ್ರೈನಲ್ಲಿ ಬೆಂಗಳೂರು, ಧಾರವಾಡ ಎಲ್ಲ ಕಡೆ ಹೋಗುತ್ತೆ" ಎಂದರು. ನನ್ನಂಥವರಿಗೆ ಅದೊಂದೇ ರವಾನೆಯ ದಾರಿ. ಊರಿಗೆ ಹೋಗುವವರ ಸೀಟಿನ ಕೆಳಗೆ ಪುಸ್ತಕದ ಕಟ್ಟು ಇಟ್ಟು ಕಳಿಸುವುದು, ಅಲ್ಲಿ ಪರಿಚಿತರು ಸ್ಟೇಷನ್ನಿಗೆ ಬಂದು ಇಳಿಸಿಕೊಳ್ಳುವುದು. ರಜೆಯ ಗುಂಪು ತಪ್ಪಿದರೆ ಮತ್ತೆ ದಸರೆಯವರೆಗೆ ಕಾಯಬೇಕು. ಆಗ ಈ ಭಯ ಇರುತ್ತದೆಯೋ ಇಲ್ಲವೋ. ಕೋತಿಯ ಚಿತ್ರ ಬೇಡವೆಂದೆ. ಆದರೆ ಮುಖಪುಟದ ಮೇಲೆ 'ದೆಹಲಿಯ ತಾರಸಿಗಳ ಮೇಲೆ ನಡೆಯುತ್ತಿರುವುದೇನು?' ಎಂಬ ಸಾಲು ಹಾಕಲು ಒಪ್ಪಿದೆ. ಮೊದಲ ಸಲ ನನ್ನ ಪುಸ್ತಕ ಓದಿ ಜನ ಹೆದರುತ್ತಾರೆ ಎಂಬ ಆಸೆ ಬಾಯಲ್ಲಿ ನೀರೂರಿಸಿತ್ತು.

ಆತುರಕ್ಕೆ ಅಡ್ಡಿ ಬಂದದ್ದು ನನ್ನದೇ ಕನ್ನಡಾಭಿಮಾನ. ಪುಟಸಂಖ್ಯೆಗಳನ್ನು ಕನ್ನಡ ಅಂಕಿಯಲ್ಲೇ ಹಾಕಿಸಿದ್ದೆ. ಪ್ರೆಸ್ಸಿನಲ್ಲಿ ಪುಟಗಳನ್ನು ಹದಿನಾರರ ಗುಂಪಿನಂತೆ ದೊಡ್ಡ ಹಾಳೆಗೆ ಅಂಟಿಸುತ್ತಾರೆ. ಅದಕ್ಕೆ ಫಾರ್ಮ್ ಎನ್ನುತ್ತಾರೆ. ಮಡಚಿದಾಗ ಕ್ರಮವಾಗಿ ಬರುವಂತೆ ಕೆಲವನ್ನು ತಲೆಕೆಳಗಾಗಿ, ಕೆಲವನ್ನು ನೆಟ್ಟಗೆ ಅಂಟಿಸಬೇಕು. ಅಂಟಿಸುತ್ತಿದ್ದಾಗ ಕರೆಂಟು ಹೋಗಿದೆ. ಮರಳಿ ಬಂದಾಗ ಫ್ಯಾನು ಜೋರಾಗಿ ತಿರುಗಿ ಹಾಳೆಗಳೆಲ್ಲ ಹಾರಿವೆ. ಅಂಟಿಸುವವನು ಆರಿಸಿ ತನಗೆ ತೋಚಿದಂತೆ ಜೋಡಿಸಿದ್ದಾನೆ. ಕನ್ನಡದ ೧ ಅವನ ಕಣ್ಣಿಗೆ ಸೊನ್ನೆಯಾಗಿತ್ತು. ಅಚ್ಚಾದ ಮೊದಲ ಹಾಳೆ ಮಡಚಿ ನೋಡಿದರೆ ಒಂದು ಪುಟದಲ್ಲಿ ಸತ್ತ ಅಜ್ಜ ಮುಂದಿನ ಪುಟದಲ್ಲಿ ಚಹಾ ಕುಡಿಯುತ್ತಿದ್ದ. ನಾನು ತಲೆ ಮೇಲೆ ಕೈ ಹೊತ್ತು ಕೂತಾಗ ಮಾಲೀಕರು, "ಭೂತದ ಪುಸ್ತಕ ಅಲ್ವಾ ಮೇಡಂ ಜೀ, ನಡೆಯುತ್ತೆ" ಎಂದು ಸಮಾಧಾನ ಹೇಳಿದರು.

ಶನಿವಾರವಿಡೀ ಪ್ರೆಸ್ಸಿನ ನೆಲದ ಮೇಲೆ ಕೂತು ಪ್ರತಿ ಪುಟದ ಅಂಚಿಗೆ ಪೆನ್ಸಿಲ್ಲಿನಲ್ಲಿ ಇಂಗ್ಲಿಷ್ ಅಂಕಿ ಬರೆದೆ. ಫಾರ್ಮುಗಳು ಒಂದೊಂದಾಗಿ ಮತ್ತೆ ಪ್ಲೇಟಿಗೆ, ಅಂದರೆ ಅಚ್ಚಿನ ತಗಡಿಗೆ, ಹೋದವು. ಸಂಜೆಯಾಗುವಷ್ಟರಲ್ಲಿ ಕೊನೆಯ ಫಾರ್ಮ್ ಮಾತ್ರ ಉಳಿಯಿತು, ಮುಕ್ತಾಯವಿರುವ ಫಾರ್ಮ್. "ಸೋಮವಾರ ಮೊದಲ ಕೆಲಸ ಅದೇ" ಎಂದರು. ಅಕ್ಕನ ಪರಿಚಯದವರು ಬುಧವಾರ ಹೊರಡುವವರಿದ್ದರು. ಎಲ್ಲ ಕೂದಲೆಳೆಯಲ್ಲಿ ಹೊಂದಿಕೊಂಡಿತ್ತು.

ಈ ನಡುವೆ ಆಂಟಿ ಪ್ರತಿ ಬೆಳಗ್ಗೆ ನಮ್ಮನ್ನು ಎಣಿಸತೊಡಗಿದ್ದರು. "ನೀನೇ ಹೇಳಿದ್ದಲ್ವಾ ಎಣಿಸಬೇಕು ಅಂತ" ಎಂದರು. ಅದು ಕಥೆ ಆಂಟಿ ಎಂದರೆ, "ಕಾಲಾ ಬಂದರ್ ಕೂಡ ನಿನ್ನೆವರೆಗೂ ಕಥೆಯೇ ಆಗಿತ್ತು" ಎಂದರು.

ಭಾನುವಾರ ಬೆಳಗ್ಗೆ ನಾನು ಎದ್ದಾಗ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು, ಗುರುದ್ವಾರದ ಧ್ವನಿವರ್ಧಕ ಶುರುವಾಗಿತ್ತು. ಅಭ್ಯಾಸಬಲದಿಂದ ನನ್ನ ಮಂಚ ಬಿಟ್ಟು ಕೋಣೆಯ ಹೊಸ್ತಿಲ ಮೇಲೆ ಕೂತಿದ್ದೆ. ಆಂಟಿ ಸಾಲಿನ ಆ ತುದಿಯಿಂದ ಬೆರಳು ಮಡಚುತ್ತಾ ಬಂದರು. ನನ್ನನ್ನು ನೋಡಿ ನನ್ನನ್ನೂ ಸೇರಿಸಿಕೊಂಡರು. ಆಮೇಲೆ ನನ್ನ ಖಾಲಿ ಮಂಚದ ಕಡೆ ನೋಡಿದರು. ಅದರ ಆಚೆ, ಗೋಡೆಯ ಬದಿಗೆ, ನೆಲದ ಮೇಲೆ ಒಬ್ಬ ತಲೆವರೆಗೆ ಚಾದರ ಹೊದ್ದು ಮಲಗಿದ್ದ.

ಇಡೀ ವರ್ಷ ನಾನು ಶಬ್ದಗಳಲ್ಲಿ ಹುಡುಕಿದ್ದ ಹೆದರಿಕೆ ಅದು, ಮತ್ತು ಅದರಲ್ಲಿ ಶಬ್ದವೇ ಇರಲಿಲ್ಲ. ಅದಕ್ಕಿಂತ ಹೆಚ್ಚು ಹೆದರಿಸಿದ್ದು, ಮುಂದೇನೆಂದು ನನಗೆ ಗೊತ್ತಿದ್ದದ್ದು. ಆಂಟಿ ಕೂಗುತ್ತಾರೆ. ಮಗ ಏಳುತ್ತಾನೆ. ಓಣಿಯ ಮೂಲೆಯ ಚಹಾದಂಗಡಿಯಲ್ಲಿ ಕಾವಲಿನವರು ಸಲಾಕೆಗಳನ್ನು ಗೋಡೆಗೆ ಒರಗಿಸಿ ಕೂತಿರುವುದು ಮೇಲಿನಿಂದಲೇ ಕಾಣುತ್ತಿತ್ತು. ಅವರು ಮೆಟ್ಟಿಲು ಹತ್ತಿ ಬರಲು ಎಷ್ಟು ಹೊತ್ತು. ಯಾರೂ ಚಾದರ ತೆಗೆದು ನೋಡುವುದಿಲ್ಲ. ಅದನ್ನೆಲ್ಲ ನಾನೇ ಬರೆದಿದ್ದೆ, ಅದು ಓಖ್ಲಾದಲ್ಲಿ ಪ್ಲೇಟಿಗೆ ಕಾಯುತ್ತಿತ್ತು.

ಆಂಟಿ ಮಂಚದ ಪಕ್ಕ ಇಟ್ಟುಕೊಂಡಿದ್ದ ದೊಣ್ಣೆಯನ್ನು ಕೈಗೆ ತೆಗೆದುಕೊಂಡರು. ಹತ್ತಿರ ಹೋದರು. ಬಗ್ಗಿ ದೊಣ್ಣೆಯ ತುದಿಯಿಂದ ಚಾದರದ ಕೆಳಗಿನ ಅಂಚನ್ನು ಸ್ವಲ್ಪವೇ ಎತ್ತಿ ಪಾದ ನೋಡಿದರು. ಹಿಮ್ಮಡಿ ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಸಿಮೆಂಟು ಮೆತ್ತಿತ್ತು. ತಲೆಯ ಬಳಿ ಒಂದು ಜೊತೆ ಹಳೆಯ ಬೂಟುಗಳನ್ನು ಜೋಡಿಸಿಟ್ಟಿತ್ತು. ಬೂಟು ನೋಡಿದೊಡನೆ ಗುರುತು ಸಿಕ್ಕಿತು: ಪಕ್ಕದ ಸೈಟಿನಲ್ಲಿ ಅರ್ಧ ಕಟ್ಟಿ ನಿಂತಿದ್ದ ಕಟ್ಟಡದ ಚೌಕಿದಾರ. ನಲವತ್ತರ ಆಸುಪಾಸಿನ, ದೊಡ್ಡ ಮೀಸೆಯ, ಬಿಹಾರದ ಕಡೆಯ ಆಳು. ಓಣಿಯಲ್ಲಿ ಯಾರಿಗೂ ಅವನ ಪರಿಚಯವಿರಲಿಲ್ಲ. ಕಾಲಾ ಬಂದರ್ ಅಡಗಿರುವುದು ಆ ಕಟ್ಟಡದಲ್ಲೇ ಎಂದು ಅರ್ಧ ಓಣಿ ನಂಬಿತ್ತು. ಕೆಲವರಿಗೆ ಅವನ ಮೇಲೇ ಅನುಮಾನವಿತ್ತು.

ಕೆಳಗಿನಿಂದ ಯಾರೋ ಕೂಗಿದರು. "ಆಂಟೀಜೀ, ಸಬ್ ಠೀಕ್?" ಆಂಟಿ ದೊಣ್ಣೆ ಹಿಡಿದು ನಿಂತಿದ್ದು ಅವರಿಗೆ ಕಂಡಿರಬೇಕು.

ಆಂಟಿ ಗೋಡೆಯ ಬಳಿ ಹೋಗಿ ಕೆಳಗೆ ಬಗ್ಗಿದರು. "ಸಬ್ ಠೀಕ್. ಗಿನ್ ಲಿಯೇ. ಪೂರೇ ಹೈಂ" ಎಂದರು. ಎಣಿಸಿದೆ, ಲೆಕ್ಕ ಸರಿಯಾಗಿದೆ. ಒಂದು ಟೊಮೇಟೊ ಹೆಚ್ಚುಕಡಿಮೆಯಾದರೆ ತರಕಾರಿ ಗಾಡಿಯನ್ನು ಅರ್ಧ ಓಣಿಯಿಂದ ತಿರುಗಿ ಕರೆಸುವ ಹೆಂಗಸು ಹಾಗೆಂದರು. ಆಮೇಲೆ ಬಂದು ಬೂಟುಗಳನ್ನು ಎತ್ತಿ ನೀರಿನ ಟ್ಯಾಂಕಿನ ಹಿಂದೆ ಇಟ್ಟರು, ಪಕ್ಕದ ತಾರಸಿಯವರಿಗೆ ಕಾಣದಂತೆ. ನನ್ನ ಕಡೆ ತಿರುಗಿ, "ಎಬ್ಬಿಸಬೇಡ. ಹೆದರಿ ಬಂದಿದ್ದಾನೆ" ಎಂದರು.

ಅವನು ಎದ್ದದ್ದು ಬಿಸಿಲು ಮುಖಕ್ಕೆ ಬಿದ್ದ ಮೇಲೆ. ಆಂಟಿ ಎದುರಿಗೇ ಮಂಚದ ಮೇಲೆ ಕೂತಿದ್ದರು. ಅವನು ಗಡಬಡಿಸಿ ಎದ್ದು ಕೈಮುಗಿದ.

"ನಿನ್ನನ್ನ ಇಟ್ಟಿರೋದೇ ಕಾವಲಿಗೆ" ಎಂದರು ಆಂಟಿ.

"ಇಟ್ಟಿಗೆ ಕಾಯೋಕೆ ಇಟ್ಟಿದ್ದಾರೆ ಮಾಜೀ" ಎಂದ ಅವನು. "ಅಲ್ಲಿ ನಾನೊಬ್ಬನೇ. ಬಾಗಿಲಿಲ್ಲ, ಕಿಟಕಿ ಇಲ್ಲ. ಇಲ್ಲಿ ಮಕ್ಕಳು ಕೆಮ್ಮೋದು ಕೇಳಿಸ್ತಿತ್ತು, ಅದಕ್ಕೆ ಬಂದೆ."

"ನಾಳೆಯಿಂದ ಮೆಟ್ಟಿಲು ಹತ್ತಿ ಬಾ. ಗೋಡೆ ಹಾರಿದರೆ ಜನ ಕಾಲು ಮುರೀತಾರೆ. ಆ ಚಾದರ್ ಒಗೆದು ತಗೊಂಡು ಬಾ, ಸಿಮೆಂಟ್ ವಾಸನೆ." ಅಷ್ಟು ಹೇಳಿ ಆಂಟಿ ಎದ್ದು ಭರಣಿಗಳನ್ನು ಬಿಸಿಲಿಗೆ ಇಡತೊಡಗಿದರು.

ನಾನು ಕೇಳದೆ ಇರಲಾಗಲಿಲ್ಲ. ಯಾಕೆ ಕೂಗಲಿಲ್ಲ ಆಂಟಿ ಎಂದೆ. ಅವರು ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾ, "ಕಾಲು ನೋಡಿದೆ ಬೇಟಾ. ಭೂತದ ಪಾದ ಹಿಂದುಮುಂದಾಗಿರುತ್ತೆ. ಇವನದ್ದು ಸರಿಯಾಗಿತ್ತು. ನಿನ್ನ ಕಥೆಯ ಹೆಂಗಸು ಕಾಲು ನೋಡಲೇ ಇಲ್ಲ. ಮಗನ ಕಾಲು ತಾಯಿಗೆ ಗೊತ್ತಾಗಲ್ವಾ?" ಎಂದರು. ಏಪ್ರಿಲಿನಲ್ಲಿ ಅವರು ಮುಕ್ತಾಯ ಕೇಳಿ ಎದ್ದುಹೋದದ್ದು ಹೆದರಿ ಅಲ್ಲ, ಸಿಟ್ಟಿನಿಂದ ಎಂಬುದು ನನಗೆ ಅರ್ಥವಾದದ್ದು ಆಗ.

ಸೋಮವಾರ ಕಚೇರಿಗೆ ರಜೆ ಹಾಕಿ ಓಖ್ಲಾಕ್ಕೆ ಹೋದೆ. ದಾರಿಯುದ್ದಕ್ಕೂ ನನ್ನೊಡನೆ ನಾನೇ ಜಗಳವಾಡಿದೆ. ಹಳೆಯ ಮುಕ್ತಾಯ ಕೆಲಸದ ದೃಷ್ಟಿಯಿಂದ ಚೆನ್ನಾಗಿಯೇ ಇತ್ತು, ಈಗಲೂ ಹಾಗೆ ಅನ್ನಿಸುತ್ತದೆ. ಅದು ಕಥೆ, ಕಥೆಯಲ್ಲಿ ಯಾರಾದರೂ ಸಾಯಲೇಬೇಕು. ಪುಸ್ತಕ ಓದಿ ಯಾರೂ ಸಲಾಕೆ ಹಿಡಿಯುವುದಿಲ್ಲ, ಅದೂ ಕನ್ನಡ ಪುಸ್ತಕ ಓದಿ. ಎಲ್ಲ ನಿಜ. ಆದರೆ ಆ ಬೆಳಗ್ಗೆ ಆಂಟಿ ಬಗ್ಗಿದ ಕ್ಷಣದಲ್ಲಿ ನಾನು ಪಟ್ಟ ಭಯದ ಮುಂದೆ ನನ್ನ ಮುಕ್ತಾಯ ಸುಳ್ಳಾಗಿ ಕಾಣುತ್ತಿತ್ತು. ಅದರಲ್ಲಿ ನಾನು ಹೊಡೆಯುವವರ ಜೊತೆ ನಿಂತು ಬರೆದಿದ್ದೆ. ಚಾದರದ ಒಳಗಿನಿಂದ ಒಂದು ಸಾಲೂ ಬರೆದಿರಲಿಲ್ಲ.

"ಕೊನೆಯ ಫಾರ್ಮ್ ನಿಲ್ಲಿಸಿ" ಎಂದೆ. ಮಾಲೀಕರಿಗೆ ಅರ್ಥವಾಗಲಿಲ್ಲ. "ಮತ್ತೆ ನಂಬರ್ ತಪ್ಪಾಯ್ತಾ?" ಎಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಂಬರ್ ಸರಿಯಿದೆ, ಕಥೆ ತಪ್ಪಿದೆ ಎಂದೆ. ಅವರು ನನಗೆ ನೀರು ತರಿಸಿ ಕೊಟ್ಟರು. ಮುಖಪುಟದ ಮೇಲಿನ ಆ ಪ್ರಶ್ನೆಯ ಸಾಲನ್ನೂ ತೆಗೆಸಿದೆ.

ಅಕ್ಕ ಫೋನಿನಲ್ಲಿ ಸಿಡಿದರು. "ಬುಧವಾರ ಹೊರಡೋರಿಗೆ ಏನು ಹೇಳಲಿ? ಗಾಳಿ ಬಂದಾಗ ತೂರಿಕೋ ಅಂದೆ, ನೀನು ಮೊರಾನೇ ಎಸೆದು ಕೂತಿದ್ದೀಯ." ಹೊಸ ಮುಕ್ತಾಯವೂ ನನ್ನ ಬಳಿ ಇರಲಿಲ್ಲ. ಹಳೆಯದ್ದನ್ನು ಕಿತ್ತು ಹಾಕುವುದು ಒಂದು ಕ್ಷಣದ ಕೆಲಸ. ಹೊಸದು ಜೂನ್ ಮುಗಿದರೂ ಬರಲಿಲ್ಲ. ಮೊದಲ ಪ್ರಯತ್ನದಲ್ಲಿ ಹೆಚ್ಚಿನವನು ತನ್ನ ಕಥೆ ಹೇಳಿಕೊಂಡ, ಅಳುಮುಂಜಿಯಾಯಿತು. ಎರಡನೆಯದರಲ್ಲಿ ಮನೆಯವರು ಅವನಿಗೆ ಪೂಜೆ ಮಾಡಿಸಿದರು, ಅದನ್ನು ಓದಿ ನನಗೇ ನಗು ಬಂತು. ಅಷ್ಟರಲ್ಲಿ ಊರಿನ ಭಯ ಬಂದ ಹಾಗೇ ಹೋಯಿತು. ಪೊಲೀಸರು ಅಂಥದ್ದೇನೂ ಇರಲಿಲ್ಲ ಎಂದರು. ಸಲಾಕೆ ಹಿಡಿದಿದ್ದವರೇ ಕಾಲಾ ಬಂದರ್ ಜೋಕು ಹೇಳತೊಡಗಿದರು. ರಜೆಗೆ ಹೋದವರು ತಿರುಗಿ ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಾನು ಎಷ್ಟೋ ಬೆಳಗ್ಗೆ ಖಾಲಿ ಹಾಳೆಯ ಮುಂದೆ ಕೂತು ಕೊರಗಿದೆ. ಬಸ್ಸು ತಪ್ಪಿಸಿಕೊಂಡು ಕಚೇರಿಯಲ್ಲಿ ಬೈಸಿಕೊಂಡೆ.

ಕೊನೆಗೆ ಬಂದದ್ದು ಚಿಕ್ಕದು. ಒಡತಿ ದೊಣ್ಣೆ ಹಿಡಿದು ಬರುತ್ತಾಳೆ, ಮನೆಯವರೆಲ್ಲ ಅವಳ ಕೂಗಿಗೆ ಕಾಯುತ್ತಿದ್ದಾರೆ. ಅವಳು ಚಾದರದ ಅಂಚು ಎತ್ತಿ ಪಾದ ನೋಡುತ್ತಾಳೆ. ಯಾರ ಪಾದ, ಹೇಗಿತ್ತು ಎಂದು ನಾನು ಬರೆಯಲಿಲ್ಲ. ಅಂಚನ್ನು ಮತ್ತೆ ಮುಚ್ಚುತ್ತಾಳೆ. ಎಲ್ಲರೂ ಇದ್ದಾರೆ, ಮಲಗಿ ಎಂದು ಹೇಳಿ, ತನ್ನ ಮಂಚಕ್ಕೆ ಹೋಗಿ ತಾನೂ ತಲೆವರೆಗೆ ಹೊದ್ದು ಮಲಗುತ್ತಾಳೆ. ಅಷ್ಟೇ. ಹಳೆಯದ್ದಕ್ಕಿಂತ ಮೂರು ಪುಟ ಕಡಿಮೆಯಾಯಿತು. ಫಾರ್ಮಿಗೆ ಹದಿನಾರು ಪುಟ ಇರಲೇಬೇಕಾದ್ದರಿಂದ ಕೊನೆಯ ಮೂರು ಪುಟ ಖಾಲಿ. ಮಾಲೀಕರು ಅಲ್ಲಿ ತಮ್ಮ ಪ್ರೆಸ್ಸಿನ ಜಾಹೀರಾತು ಹಾಕೋಣವೆಂದರು. ಖಾಲಿ ಇರಲಿ ಎಂದೆ.

ಆಂಟಿಗೆ ಹೇಳಿದಾಗ ಅವರು ಹಾಗಲಕಾಯಿ ಕೆರೆಯುತ್ತಿದ್ದರು. ಕೈ ಎಲ್ಲಿಯೂ ನಿಲ್ಲಲಿಲ್ಲ. ಮುಗಿದ ಮೇಲೆ, "ಅಚ್ಛಾ. ಬೆಳಗ್ಗೆ ಅವನಿಗೆ ತಿನ್ನೋಕೆ ಏನು ಕೊಟ್ಟರು?" ಎಂದು ಮಾತ್ರ ಕೇಳಿದರು. ನನ್ನ ಲೆಕ್ಕದಲ್ಲಿ ಅದು ಸೋಲು. ಚೌಕಿದಾರ ಆಗಲೇ ಹೋಗಿದ್ದ. ಕಟ್ಟಡಕ್ಕೆ ಬಾಗಿಲು ಕಿಟಕಿ ಕೂಡಿಸಿದ ಮೇಲೆ ಗುತ್ತಿಗೆದಾರ ಅವನನ್ನು ಬೇರೆ ಸೈಟಿಗೆ ಕಳಿಸಿದ್ದ. ಆಂಟಿಗೆ ಹೇಳಿ ಹೋಗಿದ್ದನಂತೆ.

ನವೆಂಬರಿನಲ್ಲಿ ಮತ್ತೆ ಸಭಾಂಗಣದ ಹೊರಗೆ ಮೇಜು ಹಾಕಿದೆ. ಕೆಲವರು ಪುಟ ತಿರುವಿ, ಕೊನೆಯ ಖಾಲಿ ಹಾಳೆ ನೋಡಿ, "ಪ್ರಿಂಟ್ ಬಿಟ್ಟುಹೋಗಿದೆಯಲ್ಲ" ಎಂದು ಬೇರೆ ಪ್ರತಿ ಕೇಳಿದರು. ಕಳೆದ ವರ್ಷ ಹೊಗಳಿದವರು ಈ ಸಲವೂ ಕೊಂಡರು, ಮಕ್ಕಳಿಗಾಗಿ. ನಾನು ಉಳಿದ ಕಟ್ಟುಗಳನ್ನು ಆಟೋದಲ್ಲಿ ತುಂಬಿಕೊಂಡು ಬರುವಾಗ ಇಡೀ ವರ್ಷವನ್ನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಕಳೆದೆನಲ್ಲ ಎಂದು ನಿಜವಾಗಿಯೂ ಸಂಕಟಪಟ್ಟೆ.

ಡಿಸೆಂಬರಿನ ಒಂದು ಭಾನುವಾರ ಅಕ್ಕನ ಮನೆಗೆ ಅವರ ಪಾಲಿನ ಪ್ರತಿಗಳನ್ನು ಕೊಡಲು ಹೋದೆ. ಕೊನೆಯ ಪುಟಗಳನ್ನು ಟೈಪ್ ಮಾಡಿಕೊಟ್ಟ ದಿನ ಅವರು ಏನೂ ಹೇಳಿರಲಿಲ್ಲ. ಆಮೇಲೂ ಹೇಳಿರಲಿಲ್ಲ. ಕೋಪ ಇನ್ನೂ ಇಳಿದಿಲ್ಲವೆಂದುಕೊಂಡಿದ್ದೆ. ಚಹಾ ಕೊಟ್ಟು ಎದುರಿಗೆ ಕೂತರು. ನಾನಾಗಿ ಕೇಳಲಿಲ್ಲ, ಕೇಳುವ ಧೈರ್ಯವಿರಲಿಲ್ಲ.

"ನಿನ್ನ ಪುಸ್ತಕದಿಂದ ನನಗೊಂದು ಕೆಟ್ಟ ಅಭ್ಯಾಸ ಆಗಿದೆ ಕಣೆ" ಎಂದರು ಅಕ್ಕ. "ಮಲಗೋಕೆ ಮುಂಚೆ ಬಾಗಿಲು ಹಾಕೋಳು ನಾನೇ ತಾನೆ? ಮೊದಲೆಲ್ಲ ಯಾರಾದರೂ ಒಳಗೆ ಬಂದುಬಿಟ್ಟಿದ್ದಾರೇನೋ ಅಂತ ಮಂಚದ ಕೆಳಗೆ, ಬಾಲ್ಕನಿಯಲ್ಲಿ ನೋಡಿ ಚಿಲಕ ಹಾಕ್ತಿದ್ದೆ. ಈಗ ಚಿಲಕ ಹಾಕಿದ ಮೇಲೆ, ಯಾರಾದರೂ ಹೊರಗೇ ಉಳಿದುಬಿಟ್ಟಿದ್ದಾರೇನೋ ಅಂತ ಎದೆ ಹೊಡ್ಕೊಳ್ಳುತ್ತೆ. ಎಲ್ಲರೂ ಒಳಗಿದ್ದಾರೆ ಅಂತ ಗೊತ್ತು. ಆದರೂ ಮತ್ತೆ ತೆಗೆದು ಮೆಟ್ಟಿಲವರೆಗೆ ನೋಡಿ ಬರ್ತೀನಿ. ಇವರು ಬೈತಾರೆ, ಈ ಚಳಿಯಲ್ಲಿ ಏನು ನಿನ್ನ ಹುಚ್ಚು ಅಂತ."

ಸಂಜೆ ಮಂಜು ಬೇಗ ಇಳಿಯಿತು. ಹೊರಟಾಗ ಅಕ್ಕ, ಯಾವತ್ತೂ ಬಾಗಿಲಲ್ಲೇ ಬೀಳ್ಕೊಡುವವರು, ಶಾಲು ಹೊದ್ದು ಬಸ್ ಸ್ಟಾಪಿನವರೆಗೂ ನನ್ನ ಜೊತೆ ಬಂದರು. ನಾನು ಬಸ್ಸು ಹತ್ತುವವರೆಗೂ ಅಲ್ಲೇ ನಿಂತಿದ್ದರು.